ರೊಸೇಶಿಯಾ ಔಷಧದ ಟ್ರಯಲ್‌ಗೆ ಕರೆದಿದ್ದಾರೆ, ಸೇರಬಹುದಾ?

ಬಿಜೈ ಟೀಚರ್

ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಚರ್ಮದ ವಿಭಾಗದಲ್ಲಿ ನನಗೆ ರೊಸೇಶಿಯಾ ಅಂತ ಹೇಳಿದ್ದಾರೆ. ಕೆನ್ನೆ, ಮೂಗು, ಗಲ್ಲ ಬಿಸಿಯಾಗಿ ಉರಿಯುತ್ತದೆ, ಮೇಲೆ ಸಣ್ಣ ಸಣ್ಣ ಗುಳ್ಳೆ. ಮೊದಲೆಲ್ಲ ಮೊಡವೆ ಅಂತಲೇ ಔಷಧ ಕೊಡುತ್ತಿದ್ದರು. ನನ್ನದು ಗೋಧಿ ಬಣ್ಣ. ಹಾಗಾಗಿ ಕೆಂಪು ಎದ್ದು ಕಾಣುವುದಿಲ್ಲ, ಉರಿ ಮಾತ್ರ ನನಗೇ ಗೊತ್ತು.

ಈಗ ಅಲ್ಲಿ ಒಂದು ಹೊಸ ಕ್ರೀಮಿನ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ ಅಂತ ಕೇಳಿದರು. 12 ವಾರ. ಕೆಲವರಿಗೆ ಔಷಧ ಇರುವ ಕ್ರೀಮು, ಕೆಲವರಿಗೆ ಔಷಧ ಇಲ್ಲದ ಕ್ರೀಮು. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಕನ್ನಡದಲ್ಲಿ ಬರೆದ ಕಾಗದದ ಕಟ್ಟು ಕೊಟ್ಟು, ಮನೆಯಲ್ಲಿ ಓದಿ ಬನ್ನಿ ಅಂದರು. ಓದಿದೆ. ಅರ್ಧ ತಲೆಗೆ ಹೋಗಲಿಲ್ಲ. ಮನೆಯವರು ಬೇಡವೇ ಬೇಡ ಅನ್ನುತ್ತಾರೆ. ಗೊತ್ತಿದ್ದವರು ಹೇಳಿ.

ಮೂಡುಬಿದಿರೆ ಮಾವ

ಮನೆಯವರು ಹೇಳಿದ್ದೇ ಸರಿ. ಟ್ರಯಲ್ ಅಂದರೆ ನಮ್ಮನ್ನು ಪ್ರಯೋಗಪಶು ಮಾಡುವುದು. ಲಾಭ ಕಂಪನಿಗೆ, ಉರಿ ನಮಗೆ. ರಕ್ತಚಂದನ ತೇದು ಹಚ್ಚಿ, ಪುನರ್ಪುಳಿ ಶರಬತ್ತು ಕುಡಿಯಿರಿ. ಪಿತ್ತ ಇಳಿದರೆ ಮುಖವೂ ತಣ್ಣಗಾಗುತ್ತದೆ.

ಸುರತ್ಕಲ್ ಕೋಆರ್ಡಿನೇಟರ್

ಮಾವ, ಪುನರ್ಪುಳಿಗೆ ಯಾರ ತಕರಾರೂ ಇಲ್ಲ. ಆದರೆ ಪ್ರಯೋಗಪಶುವಿಗೆ ಕಾಗದ ಕೊಟ್ಟು ಮನೆಯಲ್ಲಿ ಓದಿ ಬಾ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ನಾನು ಟ್ರಯಲ್‌ಗಳಲ್ಲಿ ಕೋಆರ್ಡಿನೇಟರ್ ಕೆಲಸ ಮಾಡುವವಳು. ಚರ್ಮದ್ದಲ್ಲ, ಶುಗರ್ ಔಷಧದ್ದು. ಆದರೆ ನಿಯಮ ಒಂದೇ. 2019ರಲ್ಲಿ ಕೇಂದ್ರ ಸರಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ತಂದಿದೆ. ಟ್ರಯಲ್‌ನಿಂದ ಏನಾದರೂ ತೊಂದರೆ ಆದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು, ಪರಿಹಾರವನ್ನೂ ಕೊಡಬೇಕು. ಇನ್ನೊಂದು ಜಾಸ್ತಿ ಜನರಿಗೆ ಗೊತ್ತಿಲ್ಲ: ಸರಿಯಾದ ಔಷಧ ಇದ್ದೂ ಅದನ್ನು ಕೊಡದೆ ಖಾಲಿ ಔಷಧದಲ್ಲೇ ಇಟ್ಟು, ಅದರಿಂದ ಹಾನಿಯಾದರೆ ಅದೂ ಪರಿಹಾರದ ಲೆಕ್ಕಕ್ಕೆ ಬರುತ್ತದೆ.

ಟ್ರಯಲ್‌ಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಅದರ ಅಧ್ಯಕ್ಷರು ಆ ಆಸ್ಪತ್ರೆಯವರಾಗಿರಬಾರದು, ಹೊರಗಿನವರೇ ಆಗಬೇಕು. ಕಮಿಟಿಯಲ್ಲಿ ಡಾಕ್ಟರಲ್ಲದ ಸಾಮಾನ್ಯ ಜನರೊಬ್ಬರು, ಕಾನೂನು ತಿಳಿದವರೊಬ್ಬರು ಇರಬೇಕು.

ಟೀಚರ್, ಕಾಗದದ ಮೊದಲ ಪುಟದಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ನಂಬರ್ ಉಂಟಾ ನೋಡಿ. ನಮ್ಮ ದೇಶದ ಟ್ರಯಲ್‌ಗಳ ರಿಜಿಸ್ಟ್ರಿ ಅದು. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯ. ಅಲ್ಲಿ ಆ ನಂಬರ್ ಹಾಕಿದರೆ ಯಾರು ದುಡ್ಡು ಹಾಕಿದ್ದಾರೆ, ಎಷ್ಟು ಜನರನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ ಎಲ್ಲ ಬರುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಬೇಡ.

ಬಿಜೈ ಟೀಚರ್

ನಂಬರ್ ಉಂಟು. ಏನನ್ನು ಅಳೆಯುತ್ತಾರೆ ಅನ್ನುವ ಕಡೆ "ಉರಿಯೂತದ ಗಾಯಗಳ ಸಂಖ್ಯೆಯಲ್ಲಿ ಬದಲಾವಣೆ" ಅಂತ ಬರೆದಿದೆ. ನನಗೆ ಗಾಯ ಎಲ್ಲಿ ಆಗಿದೆ?

ಮಣಿಪಾಲ ಪೀಜಿ

ಟೀಚರ್, ಗಾಯ ಅಂದರೆ ಅವರ ಭಾಷೆಯಲ್ಲಿ ಗುಳ್ಳೆ. ನಾನು ಚರ್ಮರೋಗದಲ್ಲಿ ಪೀಜಿ ಮಾಡುತ್ತಿದ್ದೇನೆ. ಟ್ರಯಲ್ ಹೆಸರು, ಡಾಕ್ಟರ ಹೆಸರು ಇಲ್ಲಿ ಹಾಕಬೇಡಿ. ಆದರೆ ಆ ಒಂದು ಸಾಲು ನೀವು ಹಾಕಿದ್ದು ಒಳ್ಳೆಯದಾಯಿತು. ನೀವು ಯೋಚನೆ ಮಾಡಬೇಕಾದ್ದು ಅದನ್ನೇ.

ರೊಸೇಶಿಯಾದಲ್ಲಿ ಗುಳ್ಳೆ ಬೇರೆ, ಕೆಂಪು-ಉರಿ ಬೇರೆ. ಒಂದು ಇಳಿದ ಮಾತ್ರಕ್ಕೆ ಇನ್ನೊಂದು ಇಳಿಯಬೇಕೆಂದಿಲ್ಲ. ದೊಡ್ಡ ಟ್ರಯಲ್‌ಗಳು ಜಾಸ್ತಿ ನೋಡಿದ್ದು ಗುಳ್ಳೆಯನ್ನು, ಯಾಕೆಂದರೆ ಗುಳ್ಳೆಯನ್ನು ಎಣಿಸಬಹುದು. ಉರಿಯನ್ನು ಎಣಿಸುವುದು ಹೇಗೆ? ಹಾಗಾಗಿ ಒಂದು ಕ್ರೀಮು "ಕೆಲಸ ಮಾಡುತ್ತದೆ" ಅಂದರೆ ಗುಳ್ಳೆಗೆ ಕೆಲಸ ಮಾಡುತ್ತದೆ ಅಂತಲೇ ಅರ್ಥ ಇರುತ್ತದೆ. ನಿಮಗೆ ಗುಳ್ಳೆಯೇ ದೊಡ್ಡ ತೊಂದರೆಯಾದರೆ ಈ ಟ್ರಯಲ್ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಿದೆ. ಉರಿಯೇ ತೊಂದರೆಯಾದರೆ ಅಷ್ಟಾಗಿ ಇಲ್ಲ.

ಒಂದು ಉದಾಹರಣೆ. ರೊಸೇಶಿಯಾಗೆ ಹಚ್ಚುವ ಐವರ್ಮೆಕ್ಟಿನ್ 1% ಕ್ರೀಮಿಗೆ ಅಮೆರಿಕದಲ್ಲಿ 2014ರ ಕೊನೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ಮುಖದ ರೋಮದ ಬುಡದಲ್ಲಿ ಡೆಮೊಡೆಕ್ಸ್ ಅನ್ನುವ ಕಣ್ಣಿಗೆ ಕಾಣದ ಹುಳ ಇರುತ್ತದೆ, ಎಲ್ಲರಿಗೂ ಇರುತ್ತದೆ. ರೊಸೇಶಿಯಾದವರಲ್ಲಿ ಜಾಸ್ತಿ. ಈ ಕ್ರೀಮಿನಿಂದ ಆ ಹುಳವೂ ಕಡಿಮೆಯಾಗುತ್ತದೆ, ಉರಿಯೂತವೂ ಇಳಿಯುತ್ತದೆ ಅನ್ನುವುದು ಲೆಕ್ಕ. 12 ವಾರಗಳ ಎರಡು ದೊಡ್ಡ ಟ್ರಯಲ್‌ಗಳಲ್ಲಿ ಈ ಕ್ರೀಮು ಹಚ್ಚಿದವರಲ್ಲಿ 38.4% ಮತ್ತು 40.1% ಜನರ ಮುಖ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ತಿಳಿಯಾಯಿತು. ಔಷಧ ಇಲ್ಲದ ಕ್ರೀಮು ಹಚ್ಚಿದವರಲ್ಲಿ 11.6% ಮತ್ತು 18.8%.

ಬಿಜೈ ಟೀಚರ್

ಔಷಧವೇ ಇಲ್ಲದೆ ನೂರರಲ್ಲಿ ಹದಿನೆಂಟು ಜನರಿಗೆ ಗುಣವಾಯಿತಾ? ಅದು ಹೇಗೆ ಪೀಜಿ ಡಾಕ್ಟ್ರೆ?

ಕಾರ್ಕಳ ಫಾರ್ಮಸಿ (ನಿವೃತ್ತ)

ಇದಕ್ಕೆ ನಾನು ಹೇಳುತ್ತೇನೆ. ಉಪ್ಪು ಹಾಕದ ಗಂಜಿಯೂ ಹೊಟ್ಟೆ ತುಂಬಿಸುತ್ತದೆ. ಔಷಧ ತೆಗೆದರೂ ಉಳಿಯುವ ಕ್ರೀಮು ಸುಮ್ನೆ ನೀರಲ್ಲ, ಒಣಗಿದ ಚರ್ಮಕ್ಕೆ ತಂಪು ಕೊಡುತ್ತದೆ. ಮೇಲಿಂದ ಟ್ರಯಲ್‌ಗೆ ಸೇರಿದವರು ಸಿಕ್ಕಿದ ಸಿಕ್ಕಿದ ಸೋಪು, ಪೌಡರು, ಫೇಸ್‌ವಾಶ್ ನಿಲ್ಲಿಸುತ್ತಾರೆ. ಬಿಸಿಲಿಗೆ ಹೋಗುವಾಗ ಕೊಡೆ ಹಿಡಿಯುತ್ತಾರೆ. ಅದರಲ್ಲೇ ಕೆಲವರಿಗೆ ಅರ್ಧ ವಾಸಿ.

ಮಣಿಪಾಲ ಪೀಜಿ

ಹೌದು ಅಣ್ಣ. ಜೊತೆಗೆ ರೊಸೇಶಿಯಾ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಜನ ಆಸ್ಪತ್ರೆಗೆ ಬರುವುದು ಏರಿದಾಗ. ಅಲ್ಲಿಂದ ಮುಂದೆ ಏನು ಮಾಡಿದರೂ ಸ್ವಲ್ಪ ಇಳಿಯುವುದು ಸಹಜ. ಹಾಗಾಗಿ ಖಾಲಿ ಕ್ರೀಮಿನ ಗುಂಪು ಇಲ್ಲದ ಟ್ರಯಲ್ ಸುದ್ದಿ ಓದಿದಾಗ ನಾನು ಸ್ವಲ್ಪ ನಿಧಾನ.

ಕೋಪನ್‌ಹೇಗನ್‌ನಲ್ಲಿ ಮೈಗ್ರೇನ್‌ಗೆ ಕೊಡುವ ಎರೆನುಮ್ಯಾಬ್ ಇಂಜೆಕ್ಷನ್ನನ್ನು ರೊಸೇಶಿಯಾದ 30 ಜನರಿಗೆ ಕೊಟ್ಟು ನೋಡಿದರು, 2024ರಲ್ಲಿ ಪ್ರಕಟವಾಯಿತು. ಕೆಂಪು ಜಾಸ್ತಿ ಇರುವ ದಿನಗಳು ಕಡಿಮೆಯಾದವು. ಟೀಚರ್‌ಗೆ ಇರುವಂಥ ಉರಿಗೆ ಅದು ನಿಜಕ್ಕೂ ಆಸೆ ಹುಟ್ಟಿಸುವ ದಾರಿ, ಯಾಕೆಂದರೆ ಮುಖದ ರಕ್ತನಾಳ ಹಿಗ್ಗಿಸುವ ಒಂದು ರಾಸಾಯನಿಕದ ದಾರಿಯನ್ನೇ ಅದು ಮುಚ್ಚುತ್ತದೆ. ಆದರೆ ಅಲ್ಲಿ ಎಲ್ಲರಿಗೂ ಔಷಧವೇ ಕೊಟ್ಟದ್ದು, ಎಲ್ಲರಿಗೂ ಅದು ಗೊತ್ತಿತ್ತು. ಖಾಲಿ ಇಂಜೆಕ್ಷನ್ ಗುಂಪು ಇರಲಿಲ್ಲ. ಹಾಗಾಗಿ ಈಗಲೇ ಕುಣಿಯುವುದು ಬೇಡ.

ಮೂಡುಬಿದಿರೆ ಮಾವ

ಎಲ್ಲ ಅಮೆರಿಕ, ಎಲ್ಲ ಡೆನ್ಮಾರ್ಕ್. ಅಲ್ಲಿಯ ಜನರ ಬಣ್ಣ ಬೇರೆ, ಬಿಸಿಲು ಬೇರೆ. ಏಪ್ರಿಲ್‌ನಲ್ಲಿ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾದು ನೋಡಲಿ ಅವರು. ಅವರ ಲೆಕ್ಕ ನಮಗೆ ಹೇಗೆ ಹೊಂದುತ್ತದೆ?

ಮಣಿಪಾಲ ಪೀಜಿ

ಮಾವ, ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಈ ಟ್ರಯಲ್‌ಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಬಿಳಿ ಚರ್ಮದವರು. ಕೆಂಪನ್ನು ಅಳೆಯುವ ಪಟ್ಟಿಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಡಾಕ್ಟರು ಕಣ್ಣಿನಲ್ಲಿ ನೋಡಿ ಕೊಡುವುದು. ಗೋಧಿ ಬಣ್ಣದ ಕೆನ್ನೆಯಲ್ಲಿ ಕೆಂಪು ಕಂದಾಗಿ ಕಾಣುತ್ತದೆ, ಕಪ್ಪು ಚರ್ಮದಲ್ಲಿ ಕಾಣುವುದೇ ಕಷ್ಟ. ಅಲ್ಲಿ ಅಂಕ ಕೊಡುವುದು ಹೇಗೆ? ನಮ್ಮಲ್ಲಿ ರೊಸೇಶಿಯಾ ಅಪರೂಪ ಅಂತ ಪುಸ್ತಕಗಳು ಹೇಳುತ್ತಿದ್ದವು. ಅಪರೂಪವಲ್ಲ, ನಾವು ಗುರುತಿಸುವುದು ಕಡಿಮೆ. ಟೀಚರ್‌ಗೆ ಮೊಡವೆ ಔಷಧ ಕೊಟ್ಟದ್ದೂ ಹಾಗೆಯೇ.

ಒಂದು ಬದಲಾವಣೆ ಆಗಿದೆ. 2002ರಿಂದ ರೊಸೇಶಿಯಾವನ್ನು ನಾಲ್ಕು ಬಗೆ ಅಂತ ಡಬ್ಬಿಯಲ್ಲಿ ಹಾಕುತ್ತಿದ್ದರು. 2017ರಲ್ಲಿ ತಜ್ಞರು ಅದನ್ನು ಬಿಟ್ಟು, ಆ ರೋಗಿಗೆ ಏನೇನು ಲಕ್ಷಣ ಉಂಟೋ ಅದನ್ನು ನೋಡಿ ಒಂದೊಂದಕ್ಕೆ ಚಿಕಿತ್ಸೆ ಕೊಡಿ ಅಂದರು. ಉರಿ, ಚುರುಚುರು, ಒಣಗುವುದು ಇವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಬಣ್ಣದವರಿಗೆ ಇದು ಒಳ್ಳೆಯದು.

ಆದರೆ ಮಾವ, ನಿಮ್ಮ ಮಾತಿನಿಂದಲೇ ಇನ್ನೊಂದು ಮಾತು ಬರುತ್ತದೆ. ನಮ್ಮ ಜನ ಟ್ರಯಲ್‌ಗೆ ಸೇರದಿದ್ದರೆ ನಮ್ಮ ಚರ್ಮದ ಲೆಕ್ಕ ಯಾರು ಹಾಕಬೇಕು?

ಮೂಡುಬಿದಿರೆ ಮಾವ

ಅದಕ್ಕೆ ಬಿಜೈಯ ಟೀಚರೇ ಆಗಬೇಕಾ? ನೀವು ಪೀಜಿಗಳು ಸೇರಿ ಮೊದಲು.

ಮಣಿಪಾಲ ಪೀಜಿ

ನನಗೆ ರೊಸೇಶಿಯಾ ಇಲ್ಲವಲ್ಲ ಮಾರಾಯ್ರೆ! 😄

ಕಾರ್ಕಳ ಫಾರ್ಮಸಿ (ನಿವೃತ್ತ)

ತಮಾಷೆ ಇರಲಿ. ಟೀಚರ್, ನಿಮ್ಮ ಹತ್ತಿರ ಅವರು ಹಳೆಯ ಕ್ರೀಮುಗಳ ಬಗ್ಗೆ ಕೇಳಿದರಾ? ಕೇಳದಿದ್ದರೂ ಹೇಳಿ. ನಮ್ಮ ಕಡೆ ಮುಖ ಕೆಂಪಾಗಿ ಬರುವವರಲ್ಲಿ ತುಂಬ ಜನರಿಗೆ ಸ್ಟಿರಾಯ್ಡ್ ಕ್ರೀಮಿನಿಂದಲೇ ಹಾಗಾಗಿರುತ್ತದೆ. ಮದುವೆಗೆ ಮುಂಚೆ ಬೆಳ್ಳಗಾಗಬೇಕು ಅಂತ ಬರುತ್ತಿದ್ದರು. ಒಂದು ಟ್ಯೂಬು ತೋರಿಸಿ ಇದೇ ಕೊಡಿ ಅನ್ನುತ್ತಿದ್ದರು. ಚೀಟಿ ಇಲ್ಲ. ಕೊಡುವುದಿಲ್ಲ ಅಂದರೆ ಪಕ್ಕದ ಮೆಡಿಕಲ್‌ಗೆ ಹೋಗುತ್ತಿದ್ದರು. ಮೊದಮೊದಲು ಮುಖ ಹೊಳೆಯುತ್ತದೆ. ನಿಲ್ಲಿಸಿದ ಕೂಡಲೇ ಉರಿ, ಗುಳ್ಳೆ, ಕೆಂಪು. ಮತ್ತೆ ಅದೇ ಹಚ್ಚುತ್ತಾರೆ, ಇಳಿಯುತ್ತದೆ. ಹೀಗೆ ವರ್ಷಗಟ್ಟಲೆ.

ದೇಶದ 12 ಕೇಂದ್ರಗಳಲ್ಲಿ ಚರ್ಮದ ಡಾಕ್ಟರುಗಳು ಸೇರಿ ನೋಡಿದ ಲೆಕ್ಕವೊಂದು 2011ರಲ್ಲಿ ಬಂದಿತ್ತು. ಮುಖದ ತೊಂದರೆಗೆ ಬಂದ 2926 ಜನರಲ್ಲಿ 433 ಜನ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಸರಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಕಾನೂನು ಆಯಿತು. ಅಂಗಡಿಯಲ್ಲಿ ಎಷ್ಟು ಆಯಿತು ಅನ್ನುವುದನ್ನು ನೀವೇ ಹೋಗಿ ನೋಡಿ.

ಸುರತ್ಕಲ್ ಕೋಆರ್ಡಿನೇಟರ್

ಅಣ್ಣ ಹೇಳಿದ್ದು ಟ್ರಯಲ್‌ಗೂ ಮುಖ್ಯ. ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದವರನ್ನು ಸಾಮಾನ್ಯವಾಗಿ ಇಂಥ ಟ್ರಯಲ್‌ಗೆ ಕೂಡಲೇ ಸೇರಿಸುವುದಿಲ್ಲ. ಕೆಲವು ವಾರ ಬಿಟ್ಟು ಬರಲು ಹೇಳುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಅದನ್ನು ಮುಚ್ಚಿಟ್ಟು ಸೇರಿದರೆ ಸ್ಟಿರಾಯ್ಡ್ ಬಿಟ್ಟದ್ದರ ಉರಿ ಯಾವುದು, ಹೊಸ ಕ್ರೀಮಿನ ಉರಿ ಯಾವುದು ಗೊತ್ತಾಗುವುದಿಲ್ಲ.

ಬಿಜೈ ಟೀಚರ್

ಸ್ಟಿರಾಯ್ಡ್ ಹಚ್ಚಿಲ್ಲ. ಹಳೆಯ ಚೀಟಿಗಳೆಲ್ಲ ಇವೆ, ತೋರಿಸುತ್ತೇನೆ. ಇನ್ನೊಂದು ವಿಷಯ. ಪ್ರತಿ ಸಲ ಮುಖದ ಫೋಟೋ ತೆಗೆಯುತ್ತಾರಂತೆ. ಶಾಲೆಯಲ್ಲಿ ಮಕ್ಕಳು, ಪೋಷಕರು ಎಲ್ಲ ಗುರುತಿರುವ ಮುಖ ಇದು. ಎಲ್ಲಾದರೂ ಬಂದರೆ?

ಸುರತ್ಕಲ್ ಕೋಆರ್ಡಿನೇಟರ್

ಒಳ್ಳೆಯ ಪ್ರಶ್ನೆ, ಜಾಸ್ತಿ ಜನ ಕೇಳುವುದಿಲ್ಲ. ಟ್ರಯಲ್‌ನ ದಾಖಲೆಗಾಗಿ ಫೋಟೋ ತೆಗೆಯುವುದು ಬೇರೆ, ಅದನ್ನು ಪತ್ರಿಕೆಯಲ್ಲಿ ಅಥವಾ ಸಮ್ಮೇಳನದಲ್ಲಿ ತೋರಿಸುವುದು ಬೇರೆ. ಎರಡಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳಿ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅನ್ನಬಹುದು. ಫೋಟೋ ಯಾರ ಕಂಪ್ಯೂಟರಿನಲ್ಲಿ ಇರುತ್ತದೆ, ಹೆಸರಿನ ಬದಲು ನಂಬರ್ ಹಾಕುತ್ತಾರಾ ಅಂತಲೂ ಕೇಳಿ. ಯಾರದಾದರೂ ಮೊಬೈಲಿನಲ್ಲಿ ತೆಗೆಯುತ್ತಾರೆ ಅಂದರೆ ನಾನಾದರೆ ಒಪ್ಪುವುದಿಲ್ಲ.

ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರುತ್ತದೆ. ನಡುವೆ ಬೇಡ ಅನ್ನಿಸಿದರೆ ಕಾರಣ ಹೇಳದೆ ಬಿಡಬಹುದು. ಬಿಟ್ಟರೆ ಮಾಮೂಲು ಒಪಿಡಿ ಚಿಕಿತ್ಸೆಗೆ ಏನೂ ತೊಂದರೆ ಆಗಬಾರದು.

ಉಡುಪಿ ಹೋಟೆಲ್ ಕಿಚನ್

ನಡುವೆ ಬಾಯಿ ಹಾಕುತ್ತೇನೆ. ನಾನು ಹೋಟೆಲ್ ಅಡುಗೆಯವನು, ನನಗೂ ಇದೇ ರೋಗ. ದೋಸೆ ಕಾವಲಿಯ ಮುಂದೆ ನಿಂತರೆ ಮುಖ ಬೆಂಕಿ. ಕಾಫಿ ಬಿಡು ಅಂತ ಎಲ್ಲರೂ ಹೇಳುತ್ತಾರೆ. ಕಾಫಿ ಬಿಟ್ಟು ಬದುಕುವುದು ಹೇಗೆ? ಇದಕ್ಕೆ ಟ್ರಯಲ್ ಗಿಯಲ್ ಉಂಟಾ?

ಮಣಿಪಾಲ ಪೀಜಿ

ಅಣ್ಣ, ನಿಮಗೆ ಖುಷಿಯ ಸುದ್ದಿ. 1981ರಲ್ಲೇ ವಿಲ್ಕಿನ್ ಅನ್ನುವ ಡಾಕ್ಟರು ಇದನ್ನು ಪರೀಕ್ಷೆ ಮಾಡಿದ್ದಾರೆ. ರೊಸೇಶಿಯಾ ಇರುವವರಿಗೆ ಬಿಸಿ ಕಾಫಿ ಕೊಟ್ಟರು, ತಣ್ಣಗಿನ ಕಾಫಿ ಕೊಟ್ಟರು, ಸುಮ್ನೆ ಬಿಸಿನೀರೂ ಕೊಟ್ಟರು. ಬಿಸಿ ಕಾಫಿಗೂ ಬಿಸಿನೀರಿಗೂ ಮುಖ ಕೆಂಪಾಯಿತು, ತಣ್ಣಗಿನ ಕಾಫಿಗೆ ಆಗಲಿಲ್ಲ. ತಪ್ಪು ಕಾಫಿಯದ್ದಲ್ಲ, ಬಿಸಿಯದ್ದು. ಸಣ್ಣ ಪ್ರಯೋಗ, ಆದರೆ ಎಷ್ಟು ಚೆಂದದ ಪ್ರಯೋಗ ನೋಡಿ.

ಮತ್ತೆ 2018ರಲ್ಲಿ ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನ ಬಂತು, 82,737 ಹೆಂಗಸರು. ದಿನಕ್ಕೆ ನಾಲ್ಕು ಕಪ್ ಅಥವಾ ಜಾಸ್ತಿ ಕಾಫಿ ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಇತ್ತು. ಇದು ಟ್ರಯಲ್ ಅಲ್ಲ, ಯಾರಿಗೂ ಕಾಫಿ ಕುಡಿಯಿರಿ ಅಂತ ಹೇಳಿ ನೋಡಿದ್ದಲ್ಲ. ಹಾಗಾಗಿ ಕಾಫಿ ಔಷಧ ಅಂತ ಹೇಳಲು ಬರುವುದಿಲ್ಲ. ಕಾಫಿ ಬಿಡಬೇಕು ಅಂತ ಹೇಳಲೂ ಬರುವುದಿಲ್ಲ. ಆರಿಸಿ ಕುಡಿಯಿರಿ.

ನಿಮ್ಮ ನಿಜವಾದ ಶತ್ರು ಕಾವಲಿ. ಎಕ್ಸಾಸ್ಟ್ ಫ್ಯಾನ್ ಹತ್ತಿರದ ಜಾಗ ಕೇಳಿ ನೋಡಿ.

ಉಡುಪಿ ಹೋಟೆಲ್ ಕಿಚನ್

ಆರಿದ ಕಾಫಿಯನ್ನು ನಮ್ಮ ಗಿರಾಕಿಗಳು ವಾಪಸ್ ಕಳಿಸುತ್ತಾರೆ, ಇನ್ನು ನಾನೇ ಕುಡಿಯಬೇಕು. ಆಗಲಿ ಡಾಕ್ಟ್ರೆ. ಕೆಂಪು ಕೂಡಲೇ ಇಳಿಸುವ ಜೆಲ್ ಉಂಟಂತೆ, ದುಬೈಯಿಂದ ಭಾವ ತರುತ್ತೇನೆ ಅಂದಿದ್ದಾನೆ.

ಮಣಿಪಾಲ ಪೀಜಿ

ಅದು ಬ್ರಿಮೊನಿಡಿನ್ ಇರಬೇಕು. ಮೂಲದಲ್ಲಿ ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ಒತ್ತಡದ ರೋಗಕ್ಕೆ, ಹಾಕುವ ಕಣ್ಣಿನ ಹನಿ. 2013ರಲ್ಲಿ ಅಮೆರಿಕದಲ್ಲಿ ಮುಖದ ಕೆಂಪಿಗೆ ಜೆಲ್ ಆಗಿ ಬಂತು. ರಕ್ತನಾಳವನ್ನು ಬಿಗಿ ಮಾಡುತ್ತದೆ. ಅರ್ಧ ಗಂಟೆಯಲ್ಲಿ ಶುರು, ಅದೇ ದಿನ ಮುಗಿಯಿತು. ರೋಗಕ್ಕೆ ಏನೂ ಮಾಡುವುದಿಲ್ಲ, ಕೆಂಪನ್ನು ಕೆಲವು ಗಂಟೆ ಮುಚ್ಚುತ್ತದೆ ಅಷ್ಟೇ. ಕೆಲವರಿಗೆ ಪ್ರಭಾವ ಇಳಿಯುವಾಗ ಕೆಂಪು ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಡಾಕ್ಟರಿಗೆ ತೋರಿಸದೆ ಬೇಡ. ಭಾವನಿಗೆ ಖರ್ಜೂರ ತರಲು ಹೇಳಿ.

ಪಡುಬಿದ್ರಿ ಷೇರುಪೇಟೆ

ನಮ್ಮ ಹೈದರಾಬಾದಿನ ಡಾ. ರೆಡ್ಡೀಸ್ ಕೂಡ ರೊಸೇಶಿಯಾಗೆ ಮಾತ್ರೆ ಮಾಡಿದೆ ಅಂತ ಓದಿದ್ದೆ. ಹೆಮ್ಮೆಯ ವಿಷಯ ಅಲ್ವಾ?

ಮಣಿಪಾಲ ಪೀಜಿ

ಹೌದು. ಮಿನೊಸೈಕ್ಲಿನ್ ಅನ್ನುವ ಆಂಟಿಬಯೋಟಿಕ್, 40 ಮಿಲಿಗ್ರಾಂ, ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಅಮೆರಿಕದ ಜರ್ನಿ ಮೆಡಿಕಲ್ ಜೊತೆ ಸೇರಿ ಬೆಳೆಸಿದ್ದು, 2024ರ ನವೆಂಬರ್‌ನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. 16 ವಾರಗಳ ಎರಡು ಟ್ರಯಲ್. ಖಾಲಿ ಮಾತ್ರೆಯ ಜೊತೆಗೆ, ಮೊದಲಿಂದ ಇದ್ದ ಅದೇ ಜಾತಿಯ ಡಾಕ್ಸಿಸೈಕ್ಲಿನ್ (ಡಾಕ್ಸಿ) 40 ಮಿಲಿಗ್ರಾಂ ಜೊತೆಗೂ ಹೋಲಿಸಿದರು. ಅದು ನನಗೆ ಇಷ್ಟವಾಯಿತು. ಖಾಲಿ ಮಾತ್ರೆಯನ್ನು ಗೆಲ್ಲುವುದು ಸುಲಭ. ಹೊಸ ಮಾತ್ರೆಯಲ್ಲಿ ಸುಮಾರು 65% ಮತ್ತು 60% ಜನರಿಗೆ ಫಲ ಸಿಕ್ಕಿತು. ಡಾಕ್ಸಿಯಲ್ಲಿ 46% ಮತ್ತು 31%. ಖಾಲಿಯಲ್ಲಿ 31% ಮತ್ತು 27%. ಒಂದೇ ಡಾಕ್ಸಿ ಎರಡು ಟ್ರಯಲ್‌ನಲ್ಲಿ ಎಷ್ಟು ಬೇರೆ ಬೇರೆ ಬಂತು ನೋಡಿ. ಒಂದೇ ಟ್ರಯಲ್ ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ.

ಇಷ್ಟು ಸಣ್ಣ ಡೋಸ್ ಯಾಕೆ ಅಂದರೆ, ಇಲ್ಲಿ ಬೇಕಾದ್ದು ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ಅಲ್ಲ, ಉರಿಯೂತ ಇಳಿಸುವ ಕೆಲಸ. ಡಾಕ್ಸಿ 40 ಮತ್ತು 100 ಮಿಲಿಗ್ರಾಂ ಹೋಲಿಸಿದಾಗ ಫಲ ಹೆಚ್ಚುಕಡಿಮೆ ಒಂದೇ, ಹೊಟ್ಟೆಯ ತೊಂದರೆ 100ರಲ್ಲಿ ಜಾಸ್ತಿ.

ಬಿಜೈ ಟೀಚರ್

ಟ್ರಯಲ್ ಮುಗಿದ ಮೇಲೆ ಏನು? 12 ವಾರದಲ್ಲಿ ಗುಣವಾಗಿ, ಹದಿಮೂರನೇ ವಾರ ಕ್ರೀಮು ನಿಂತರೆ?

ಮಣಿಪಾಲ ಪೀಜಿ

ತಿರುಗಿ ಬರುವ ಸಾಧ್ಯತೆ ಉಂಟು, ಟೀಚರ್. ಯುರೋಪಿನಲ್ಲಿ 962 ಜನರ ಮೇಲೆ ಐವರ್ಮೆಕ್ಟಿನ್ ಮತ್ತು ಮೆಟ್ರೊನಿಡಜೋಲ್ 0.75% ಕ್ರೀಮನ್ನು ಹೋಲಿಸಿದ ಟ್ರಯಲ್ ಉಂಟು. 16 ವಾರದಲ್ಲಿ ಗುಳ್ಳೆ ಇಳಿದದ್ದು 83% ಮತ್ತು 73.7%. ಆಮೇಲೆ ಫಲ ಸಿಕ್ಕಿದವರಿಗೆ ಔಷಧ ನಿಲ್ಲಿಸಿ ಕಾದರು. ಮತ್ತೆ ಶುರುವಾಗುವವರೆಗಿನ ಸಮಯದ ಮಧ್ಯದ ಲೆಕ್ಕ (ಅರ್ಧ ಜನರಿಗೆ ಅಷ್ಟರೊಳಗೆ, ಉಳಿದವರಿಗೆ ಆಮೇಲೆ) ಐವರ್ಮೆಕ್ಟಿನ್‌ನಲ್ಲಿ 115 ದಿನ, ಮೆಟ್ರೊನಿಡಜೋಲ್‌ನಲ್ಲಿ 85 ದಿನ. ಅಂದರೆ ಇದು ವಾಸಿ ಮಾಡಿ ಮರೆಯುವ ರೋಗ ಅಲ್ಲ. ಹಾಗಾಗಿ ಟ್ರಯಲ್ ಮುಗಿದ ಮೇಲೆ ಕ್ರೀಮು ಕೊಡುತ್ತಾರಾ, ಇಲ್ಲದಿದ್ದರೆ ಯಾವ ಔಷಧಕ್ಕೆ ಬದಲಿಸುತ್ತಾರೆ ಅಂತ ಸಹಿ ಹಾಕುವ ಮುಂಚೆ ಕೇಳಿ.

ಇನ್ನೊಂದು. ಮೆಟ್ರೊನಿಡಜೋಲ್ ಜೆಲ್, ಅಜೆಲಾಯಿಕ್ ಆಸಿಡ್, ಐವರ್ಮೆಕ್ಟಿನ್ ಕ್ರೀಮು ನಮ್ಮಲ್ಲೇ ಸಿಗುತ್ತವೆ. ಇವನ್ನು ಸರಿಯಾಗಿ ಹಚ್ಚಿ ನೋಡಿದ್ದೀರಾ? ಇಲ್ಲದಿದ್ದರೆ ಮೊದಲು ಇವನ್ನು ನೋಡಿ, ಆಮೇಲೆ ಟ್ರಯಲ್ ಅಂತ ಹೇಳುವ ಹಕ್ಕು ನಿಮಗೆ ಉಂಟು. ನಾನಾದರೆ ಹಾಗೆಯೇ ಮಾಡುತ್ತಿದ್ದೆ.

ಸುರತ್ಕಲ್ ಕೋಆರ್ಡಿನೇಟರ್

ನಾನು ಪೀಜಿಯವರ ಕೊನೆಯ ಮಾತು ಒಪ್ಪುವುದಿಲ್ಲ. ಎಲ್ಲರೂ ಮೊದಲು ಅಂಗಡಿಯದ್ದು ನೋಡಿ ಆಮೇಲೆ ಬಂದರೆ, ಏನೂ ಹಿಡಿಯದವರು ಮಾತ್ರ ಟ್ರಯಲ್‌ಗೆ ಉಳಿಯುತ್ತಾರೆ. ಆಗ ಲೆಕ್ಕವೂ ಓರೆಯಾಗುತ್ತದೆ. ಟೀಚರ್‌ಗೆ ಶಾಲೆ ಬಿಟ್ಟು ಬರಲು ಸಮಯ ಉಂಟಾ, ಹೋಗಿ ಬರುವ ಖರ್ಚು ಕೊಡುತ್ತಾರಾ, ಅದು ನೋಡಿ ತೀರ್ಮಾನ ಮಾಡಲಿ.

ಬಿಜೈ ಟೀಚರ್

ಇಬ್ಬರಿಗೂ ಥ್ಯಾಂಕ್ಸ್. ಮನೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಡಾಕ್ಟರ ಹತ್ತಿರ ನಾನೂ ಬರುತ್ತೇನೆ, ನಾನೇ ಕೇಳುತ್ತೇನೆ ಅಂದಿದ್ದಾರೆ. ಅಳೆಯುವುದು ಗುಳ್ಳೆ ಮಾತ್ರವಾ, ಉರಿಯನ್ನೂ ಬರೆದುಕೊಳ್ಳುತ್ತಾರಾ, ಇದು ನನ್ನ ಮೊದಲ ಪ್ರಶ್ನೆ. ಫೋಟೋ ಎರಡನೆಯದು.

ಮಲ್ಪೆ ಬೋಟ್

ನಮ್ಮ ಅಪ್ಪನಿಗೂ ಇದೇ ಇರಬೇಕು ಅಂತ ಇದನ್ನೆಲ್ಲ ಓದಿ ಅನ್ನಿಸಿತು. ಬೋಟಿನಲ್ಲಿ ಬಿಸಿಲು ಕುಡಿದ ಮುಖ. ಮೂಗು ದಪ್ಪಗಾಗಿದೆ. ಕುಡಿಯುತ್ತಾನೆ ಅಂತ ಜನ ಮಾತಾಡುತ್ತಾರೆ, ಅವರು ಕುಡಿಯುವುದಿಲ್ಲ. ಈಗ ಕಣ್ಣಲ್ಲಿ ಹೊಯಿಗೆ ಬಿದ್ದ ಹಾಗೆ ಚುಚ್ಚುತ್ತದೆ, ರೆಪ್ಪೆಯ ಅಂಚು ಕೆಂಪು. ಗಾಳಿಗೆ ಅಂತ ಸುಮ್ಮನಿದ್ದಾರೆ. ಇದಕ್ಕೂ ಟ್ರಯಲ್ ಉಂಟಾ?

ಮಣಿಪಾಲ ಪೀಜಿ

ಅಣ್ಣ, ಟ್ರಯಲ್ ಹುಡುಕುತ್ತಾ ಕೂರಬೇಡಿ. ಮೊದಲು ಕಣ್ಣು ತೋರಿಸಿ. ರೊಸೇಶಿಯಾ ಕಣ್ಣಿಗೂ ಬರುತ್ತದೆ. ನಡೆದ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವುದಕ್ಕೆ ಕಾಕ್ರೇನ್ ವಿಮರ್ಶೆ ಅನ್ನುತ್ತಾರೆ; ರೊಸೇಶಿಯಾ ಚಿಕಿತ್ಸೆಗಳ ಮೇಲಿನ 2015ರದ್ದರಲ್ಲಿ 106 ಟ್ರಯಲ್‌ಗಳು, 13,631 ಜನ. ಅಷ್ಟರಲ್ಲಿ ಕಣ್ಣಿಗೆ ಸಂಬಂಧಪಟ್ಟದ್ದು ಬೆರಳೆಣಿಕೆ. ಆದರೂ ಚಿಕಿತ್ಸೆ ಉಂಟು: ರೆಪ್ಪೆಗೆ ಉಗುರುಬೆಚ್ಚಗಿನ ಶಾಖ, ಅಂಚು ಶುಚಿ ಮಾಡುವುದು, ಕಣ್ಣೀರಿನ ಹನಿ, ಬೇಕಾದರೆ ಡಾಕ್ಸಿ ಮಾತ್ರೆ. ಯಾವುದು ಬೇಕು ಅಂತ ಕಣ್ಣಿನ ಡಾಕ್ಟರು ನೋಡಿ ಹೇಳಬೇಕು.

ಬೆಳಕು ನೋಡಿದರೆ ಕಣ್ಣು ನೋಯುತ್ತದಾ? ದೃಷ್ಟಿ ಮಂಜಾಗಿದೆಯಾ? ಇವೆರಡರಲ್ಲಿ ಒಂದು ಇದ್ದರೂ ನಾಳೆಯೇ ಕರೆದುಕೊಂಡು ಹೋಗಿ, ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಪೆಟ್ಟು ಬಿದ್ದಿರಬಹುದು. ಮೂಗಿನದ್ದು ಅವಸರ ಇಲ್ಲ. ದಪ್ಪಗಾದ ಮೂಗಿಗೆ ಕ್ರೀಮಿನಿಂದ ಉಪಯೋಗ ಇಲ್ಲ, ಲೇಸರ್ ಅಥವಾ ಸಣ್ಣ ಆಪರೇಷನ್ ಬೇಕಾಗುತ್ತದೆ.

ಮಲ್ಪೆ ಬೋಟ್

ಬೆಳಕಿಗೆ ನೋಯುತ್ತದೆ ಅಂತ ಹೇಳುತ್ತಾರೆ. ಚರ್ಮದ್ದು ಮತ್ತು ಕಣ್ಣಿನದ್ದು ಒಂದೇ ದಿನ ಆಗುತ್ತದಾ? ಅವರು ಎರಡು ಸಲ ಬರುವ ಜನ ಅಲ್ಲ.

ಮಣಿಪಾಲ ಪೀಜಿ

ಯಾವುದಾದರೂ ಮೆಡಿಕಲ್ ಕಾಲೇಜಿನ ಒಪಿಡಿಗೆ ಬೆಳಿಗ್ಗೆ ಬೇಗ ಹೋದರೆ ಆಗುತ್ತದೆ. ಕಣ್ಣಿನದ್ದೇ ಮೊದಲು ಮಾಡಿಸಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಸರಿ ಕಾಣುವುದಿಲ್ಲ, ಬೈಕಿನಲ್ಲಿ ಅವರನ್ನೇ ಓಡಿಸಲು ಬಿಡಬೇಡಿ.